ಮೊದಲು ತಾಳ, ಆಮೇಲೆ ರಾಗ: ಲೂಸಿಯಾನಾದ ಆರ್ಡ್ವಾನ್ ಮನೆತನ ಮತ್ತು ಜೈಡೆಕೊ

1929ರ ಡಿಸೆಂಬರ್ 9ರಂದು ನ್ಯೂ ಆರ್ಲಿಯನ್ಸ್ ನಗರದಲ್ಲಿ ಕೊಲಂಬಿಯಾ ಕಂಪನಿಯವರು ಇಬ್ಬರು ಹಳ್ಳಿಗರ ಸಂಗೀತವನ್ನು ಗ್ರಾಮಫೋನ್ ತಟ್ಟೆಗಾಗಿ ಮುದ್ರಿಸಿಕೊಂಡರು. ಅಕಾರ್ಡಿಯನ್ ನುಡಿಸುತ್ತ ಹಾಡಿದವರು ಅಮೆದೆ ಆರ್ಡ್ವಾನ್, ಕಪ್ಪುವರ್ಣದ ಕ್ರಿಯೋಲ್ ಕುಟುಂಬದವರು. ಪಿಟೀಲಿನಲ್ಲಿ ಜೊತೆ ಕೊಟ್ಟ ಡೆನಿಸ್ ಮೆಗೀ ಬಿಳಿಯರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆಗ ಕಪ್ಪು ಜನ ಮತ್ತು ಬಿಳಿ ಜನ ಒಂದೇ ಶಾಲೆಯಲ್ಲಿ ಓದುವಂತಿರಲಿಲ್ಲ, ರೈಲಿನ ಒಂದೇ ಡಬ್ಬಿಯಲ್ಲಿ ಕೂರುವಂತಿರಲಿಲ್ಲ. ಅಂಥ ಕಾಲದಲ್ಲಿ, ಪಾಲಿಗೆ ಹೊಲ ಮಾಡಿಕೊಂಡಿದ್ದ ಇಬ್ಬರು ಬಡವರು ಕೂಡಿ ನುಡಿಸಿದ ಹಾಡುಗಳು ಇವತ್ತಿಗೂ ಕೇಳಸಿಗುತ್ತವೆ. 1934ರ ಹೊತ್ತಿಗೆ ಅಮೆದೆ ಮುದ್ರಿಸಿದ್ದು ಒಟ್ಟು 34 ಹಾಡು, ಅಷ್ಟೇ. ಬಿಳಿಯರ ಕೇಜನ್ ಸಂಗೀತ, ಕಪ್ಪು ಕ್ರಿಯೋಲರ ಜೈಡೆಕೊ ಎರಡೂ ಆ ಹಾಡುಗಳಿಗೆ ಋಣಿಯಾಗಿವೆ.

ಆ ಮನೆತನ ಇಂದಿಗೂ ನುಡಿಸುತ್ತಿದೆ. ಅಮೆದೆಯವರ ದಾಯಾದಿ ತಮ್ಮ ಅಲ್ಫಾನ್ಸ್, ಅಲ್ಫಾನ್ಸರ ಮಕ್ಕಳು, ಈಗ ಮೊಮ್ಮಕ್ಕಳು ಹೀಗೆ ಅಕಾರ್ಡಿಯನ್ ಕೈಯಿಂದ ಕೈಗೆ ದಾಟುತ್ತ ಬಂದಿದೆ. ಆದರೆ ಅಜ್ಜ ನುಡಿಸಿದಂತೆ ಮೊಮ್ಮಗ ನುಡಿಸುವುದಿಲ್ಲ. ಅಜ್ಜನ ಭಾಷೆಯಲ್ಲಿ ಹೆಚ್ಚಾಗಿ ಹಾಡುವುದೂ ಇಲ್ಲ. ಹಾಗಾದರೆ ಇವರಲ್ಲಿ ತಂದೆಯಿಂದ ಮಗನಿಗೆ ದಾಟಿದ್ದು ಏನು? ಒಂದೊಂದೇ ಮನೆತನದ ಕಥೆ ನೋಡುತ್ತ ಹೋದರೆ ಉತ್ತರ ಸ್ಪಷ್ಟವಾಗುತ್ತದೆ. ದಾಟಿದ್ದು ತಾಳ, ಮತ್ತು ಸೇರಿದ ಜನರನ್ನು ಕುಣಿಸುವ ಹೊಣೆ.

ಯಾರು ಈ ಕ್ರಿಯೋಲರು?

ಲೂಸಿಯಾನಾ 1803ರಲ್ಲಿ ಅಮೆರಿಕದ ಕೈಸೇರುವ ಮೊದಲು ಫ್ರೆಂಚರ, ಸ್ಪೇನಿನವರ ವಸಾಹತಾಗಿತ್ತು. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರು, ಬಿಡುಗಡೆ ಪಡೆದ ಕಪ್ಪು ಜನ, ಫ್ರೆಂಚರು, ಸ್ಪೇನಿನವರು, ಅಲ್ಲಿನ ಮೂಲನಿವಾಸಿಗಳು ಇವರೆಲ್ಲರ ರಕ್ತ ಬೆರೆತು ಬೆಳೆದ ಜನ ಅಲ್ಲಿನ ಕಪ್ಪು ಕ್ರಿಯೋಲರು. ಹೈಟಿಯ ಕ್ರಾಂತಿಯಿಂದ ಚದುರಿದ ಸಾವಿರಾರು ಮಂದಿ 1809ರ ಸುಮಾರಿಗೆ ಕ್ಯೂಬಾ ಮಾರ್ಗವಾಗಿ ನ್ಯೂ ಆರ್ಲಿಯನ್ಸ್‌ಗೆ ಬಂದು ಸೇರಿದರು. ಕ್ರಿಯೋಲರ ಧರ್ಮ ಕ್ಯಾಥೊಲಿಕ್, ಮನೆಮಾತು ಫ್ರೆಂಚ್ ಅಥವಾ ಕ್ರಿಯೋಲ್. ಅವರ ನೆರೆಯ ಕೇಜನ್ನರು ಬೇರೆ ಜನ. 1755ರಲ್ಲಿ ಬ್ರಿಟಿಷರು ಕೆನಡಾದ ಅಕಾಡಿಯಾದಿಂದ ಓಡಿಸಿದ ಬಿಳಿಯ ಫ್ರೆಂಚ್ ರೈತರ ವಂಶಸ್ಥರು ಅವರು.

ನೈಋತ್ಯ ಲೂಸಿಯಾನಾದ ಯೂನಿಸ್, ಬಾಸೀಲ್, ಒಪೆಲೂಸಸ್ ಸುತ್ತಲಿನ ಬಯಲಿನಲ್ಲಿ ಈ ಎರಡೂ ಜನ ಭತ್ತ, ಹತ್ತಿ ಬೆಳೆದರು, ದನ ಸಾಕಿದರು. ಬಡತನ ಇಬ್ಬರಿಗೂ ಇತ್ತು. ಕ್ರಿಯೋಲರಿಗೆ ಅದರ ಮೇಲೆ ಬಣ್ಣದ ಶಿಕ್ಷೆಯೂ ಇತ್ತು. ಹಾಡುಗಳು ಮಾತ್ರ ಬೇಲಿ ದಾಟಿ ಅತ್ತಿಂದಿತ್ತ ಓಡಾಡಿದವು.

ಕ್ರಿಯೋಲರ ಸಂಗೀತದ ಅತ್ಯಂತ ಹಳೆಯ ಪದರದಲ್ಲಿ ವಾದ್ಯವೇ ಇರಲಿಲ್ಲ. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ ವಾದ್ಯ ನುಡಿಸಿ ಕುಣಿಯುವುದಕ್ಕೆ ತಡೆಯಿತ್ತು. ಆಗ ಜನ ವೃತ್ತವಾಗಿ ನಿಂತು ಚಪ್ಪಾಳೆ ತಟ್ಟಿ, ನೆಲಕ್ಕೆ ಕಾಲು ಬಡಿದು ಹಾಡುತ್ತಿದ್ದರು. ಈ ಪ್ರಕಾರದ ಹೆಸರು ಜ್ಯುರೆ. 1934ರಲ್ಲಿ ಜಾನಪದ ಸಂಗ್ರಾಹಕರಾದ ಜಾನ್ ಲೊಮ್ಯಾಕ್ಸ್ ಮತ್ತು ಅವರ ಮಗ ಆಲನ್ ಜೆನಿಂಗ್ಸ್ ಊರಿನಲ್ಲಿ ಇದನ್ನು ಮುದ್ರಿಸಿಕೊಂಡರು. ಕೇಳಿದರೆ ಕೈ, ಕಾಲು, ಕಂಠ ಈ ಮೂರರಲ್ಲೇ ಜೈಡೆಕೊದ ನಡೆ ಆಗಲೇ ಸಿದ್ಧವಾಗಿತ್ತು ಎಂಬುದು ತಿಳಿಯುತ್ತದೆ. ಜೈಡೆಕೊ ಎಂಬ ಹೆಸರು ಫ್ರೆಂಚಿನಲ್ಲಿ ಹುರುಳಿಕಾಯಿಗಿರುವ ಪದದಿಂದ, ಪದಾರ್ಥಕ್ಕೆ ಹಾಕಲು ಉಪ್ಪುಮಾಂಸವೂ ಇಲ್ಲದ ಬಡತನದ ಮಾತಿನಿಂದ ಬಂತೆಂದು ಹೇಳುತ್ತಾರೆ.

ಹಾರ್ಮೋನಿಯಂನ ದಾಯಾದಿ

ಈ ಸಂಗೀತದ ಪ್ರಧಾನ ವಾದ್ಯವಾದ ಅಕಾರ್ಡಿಯನ್ ನಮ್ಮ ಹಾರ್ಮೋನಿಯಂನ ಕುಲದ್ದೇ. ಎರಡರಲ್ಲೂ ತಿದಿಯ ಗಾಳಿ ಲೋಹದ ತೆಳು ನಾಲಗೆಗಳನ್ನು ಅದುರಿಸಿ ನಾದ ಹುಟ್ಟಿಸುತ್ತದೆ. 1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯನ್ ಅಕಾರ್ಡಿಯನ್ನಿಗೆ ಪೇಟೆಂಟ್ ಪಡೆದರು. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೇನ್ ಹಾರ್ಮೋನಿಯಂಗೆ ಪಡೆದರು. ಒಂದು ಕವಲು ಹಡಗು ಹತ್ತಿ ಬಂದು ಕಂಪನಿ ನಾಟಕಗಳ, ಭಜನೆಯ ಮನೆಗಳ ಸಂಗಾತಿಯಾಯಿತು. ಇನ್ನೊಂದು ಕವಲು ಜರ್ಮನಿಯ ಕಾರ್ಖಾನೆಗಳಿಂದ ಲೂಸಿಯಾನಾದ ಅಂಗಡಿಗಳಿಗೆ ತಲುಪಿತು.

ನುಡಿಸುವ ಬಗೆಯಲ್ಲಿ ಮಾತ್ರ ಒಂದು ದೊಡ್ಡ ವ್ಯತ್ಯಾಸವಿದೆ. ಹಾರ್ಮೋನಿಯಂನಲ್ಲಿ ಒಂದು ಮನೆ ಒತ್ತಿದರೆ ಒಂದೇ ಸ್ವರ. ಅಮೆದೆ ನುಡಿಸುತ್ತಿದ್ದ ಹತ್ತು ಗುಂಡಿಯ ಅಕಾರ್ಡಿಯನ್ನಿನಲ್ಲಿ ಅದೇ ಗುಂಡಿ ತಿದಿ ಒತ್ತಿದಾಗ ಒಂದು ಸ್ವರ, ಎಳೆದಾಗ ಇನ್ನೊಂದು ಸ್ವರ ಕೊಡುತ್ತದೆ. ಹೀಗಾಗಿ ರಾಗ ಮುಂದುವರಿಯಬೇಕಾದರೆ ತೋಳು ಎಡೆಬಿಡದೆ ತಿದಿಯನ್ನು ಒಳಗೆ ಹೊರಗೆ ಆಡಿಸುತ್ತಿರಬೇಕು. ಪ್ರತಿ ತಿರುವಿನಲ್ಲೂ ನಾದ ಸಣ್ಣಗೆ ಕಡಿದು ಮತ್ತೆ ಚಿಮ್ಮುತ್ತದೆ. ಆ ಚಿಮ್ಮುವಿಕೆಯೇ ಕುಣಿತದ ಹೆಜ್ಜೆಯನ್ನು ಎತ್ತಿಸುತ್ತದೆ. ಈ ಪೆಟ್ಟಿಗೆ ರಾಗ ನುಡಿಸುತ್ತಲೇ ತಾಳವನ್ನೂ ಹಾಕುತ್ತದೆ. ಗಟ್ಟಿಯಾದ ಸದ್ದು, ಮಳೆ ಸೆಖೆಗೆ ಸುಲಭಕ್ಕೆ ಕೆಡದ ಮೈಕಟ್ಟು; ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಒಂದು ಮನೆ ತುಂಬ ಜನರನ್ನು ಕುಣಿಸಲು ಬೇರೇನೂ ಬೇಕಿರಲಿಲ್ಲ.

ಅಮೆದೆಯವರಿಗೆ ಆದದ್ದು

1898ರಲ್ಲಿ ಹುಟ್ಟಿದ ಅಮೆದೆ ಆರ್ಡ್ವಾನ್ ಹೊಲದ ಕೆಲಸಕ್ಕಿಂತ ಸಂಗೀತವನ್ನೇ ನೆಚ್ಚಿ ಬದುಕಿದವರು. ಅವರದು ಏರುದನಿ, ಅತ್ತಂತೆ ಕೇಳುವ ಕಂಠ. ಕಪ್ಪು ಜನರ ಮನೆಗಳಲ್ಲೂ ನುಡಿಸಿದರು, ಬಿಳಿಯರ ಕುಣಿತಗಳಲ್ಲೂ ನುಡಿಸಿದರು. ಬಿಳಿಯರ ನಡುವೆ ನುಡಿಸುವುದು ಪ್ರಾಣಕ್ಕೇ ಅಪಾಯದ ಕೆಲಸವಾಗಿತ್ತು. ಒಂದು ರಾತ್ರಿ ಕುಣಿತದ ಮನೆಯಲ್ಲಿ ಬೆವರುತ್ತಿದ್ದ ಅವರಿಗೆ ಬಿಳಿಯ ಹೆಣ್ಣುಮಗಳೊಬ್ಬಳು ಮುಖ ಒರೆಸಿಕೊಳ್ಳಲು ಕರವಸ್ತ್ರ ಕೊಟ್ಟಳು. ಅದನ್ನು ಸಹಿಸದ ಕೆಲವರು ಮನೆಗೆ ಮರಳುವ ದಾರಿಯಲ್ಲಿ ಅವರನ್ನು ಹಿಡಿದು ಸಾಯುವಂತೆ ಬಡಿದರು ಎಂದು ಆ ಸೀಮೆಯ ಕ್ರಿಯೋಲ್ ಕಲಾವಿದರು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಅಮೆದೆಯವರ ಮನಸ್ಸು ಮತ್ತೆ ಸ್ತಿಮಿತಕ್ಕೆ ಬರಲಿಲ್ಲ. 1942ರ ನವೆಂಬರಿನಲ್ಲಿ ಪೈನ್‌ವಿಲ್‌ನ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರನ್ನು ಹೂತ ಜಾಗಕ್ಕೆ ಗುರುತಿನ ಕಲ್ಲೂ ಇಲ್ಲ.

ಲೂಸಿಯಾನಾದ ಮಾಜಿ ರಾಜ್ಯಕವಿ ಡ್ಯಾರೆಲ್ ಬೂರ್ಕ್ ಮತ್ತು ಅವರ ಜೊತೆಗಾರರು ಈ ಅನ್ಯಾಯವನ್ನು ಮರೆಯಲು ಬಿಡಬಾರದೆಂದು ಹಣ ಕೂಡಿಸಿದರು. 2018ರಲ್ಲಿ ಒಪೆಲೂಸಸ್‌ನಲ್ಲಿ ಅಮೆದೆಯವರ ಪ್ರತಿಮೆ ಎದ್ದು ನಿಂತಿತು. ಒಬ್ಬ ಕಲಾವಿದರಿಗೆ ಇಷ್ಟು ತಡವಾಗಿಯಾದರೂ ಊರು ಕೊಟ್ಟ ಗೌರವ ಅದು. ಆದರೆ ಅವರ ನಿಜವಾದ ಸ್ಮಾರಕವನ್ನು ಅದಕ್ಕೂ ಬಹಳ ಮೊದಲೇ ಅವರ ದಾಯಾದಿಗಳು ಕಟ್ಟಿದ್ದರು.

ಬ್ವಾ ಸೆಕ್ ಮತ್ತು ಮನೆಯ ಕುಣಿತ

ಅಮೆದೆ ನುಡಿಸುವಾಗ ಪಕ್ಕದಲ್ಲಿ ಒಬ್ಬ ಹುಡುಗ ಕಬ್ಬಿಣದ ತ್ರಿಕೋನ ಬಡಿಯುತ್ತಿದ್ದ. ಅವನೇ 1915ರಲ್ಲಿ ಹುಟ್ಟಿದ ಅಲ್ಫಾನ್ಸ್ ಆರ್ಡ್ವಾನ್. ಊರೆಲ್ಲ ಅವರನ್ನು ಕರೆದದ್ದು ಬ್ವಾ ಸೆಕ್, ಅಂದರೆ ಒಣ ಸೌದೆ ಎಂದು. ಮಳೆ ಹನಿದರೆ ಹೊಲದಿಂದ ಎಲ್ಲರಿಗಿಂತ ಮುಂಚೆ ಕೊಟ್ಟಿಗೆಗೆ ಓಡುತ್ತಿದ್ದ ಹುಡುಗನಿಗೆ ಅಂಟಿದ ಹೆಸರು ಅದು. ತ್ರಿಕೋನ ಬಡಿಯುತ್ತಲೇ ಅವರು ಅಣ್ಣನ ಬೆರಳುಗಳನ್ನು ನೋಡಿ ಅಕಾರ್ಡಿಯನ್ ಕಲಿತರು. ಮುಂದೆ ಪಿಟೀಲುಗಾರ ಕ್ಯಾನ್ರೇ ಫಾಂಟೆನೋ ಅವರಿಗೆ ಜೀವನದ ಜೊತೆಗಾರರಾದರು. ಕ್ಯಾನ್ರೇ ಹೆಸರಾಂತ ಅಕಾರ್ಡಿಯನ್ ವಾದಕ ಆಡಮ್ ಫಾಂಟೆನೋ ಅವರ ಮಗ. ಚುಟ್ಟದ ಪೆಟ್ಟಿಗೆಗೆ ಜಾಲರಿ ಬಾಗಿಲಿನಿಂದ ಕಿತ್ತ ತಂತಿ ಬಿಗಿದು ತಮ್ಮ ಮೊದಲ ಪಿಟೀಲನ್ನು ತಾವೇ ಮಾಡಿಕೊಂಡವರು.

ಅವರಿಬ್ಬರ ವೇದಿಕೆ ನೆರೆಯವರ ಮನೆಯ ನಡುಮನೆ. ವಾರದ ಕೊನೆಗೆ ಯಾರಾದರೊಬ್ಬರು ಮನೆಯ ಮಂಚ ಮೇಜುಗಳನ್ನು ಹೊರಗಿಟ್ಟು ಜಾಗ ಮಾಡುತ್ತಿದ್ದರು. ಒಲೆಯ ಮೇಲೆ ಗಂಬೊ ಎಂಬ ಗಟ್ಟಿ ಸಾರು ಕುದಿಯುತ್ತಿತ್ತು. ಇಂಥ ಕೂಟವನ್ನೂ ಅಲ್ಲಿ ನುಡಿಯುತ್ತಿದ್ದ ಸಂಗೀತವನ್ನೂ ಲಾಲಾ ಎಂದೇ ಕರೆಯುತ್ತಿದ್ದರು. ಅಜ್ಜಿಯಿಂದ ಹಿಡಿದು ಹಸುಗೂಸಿನ ತನಕ ಎಲ್ಲರೂ ಅಲ್ಲಿರುತ್ತಿದ್ದರು. ಕೇಳುಗರು ಸುಮ್ಮನೆ ಕುಳಿತರೆ ಕಲಾವಿದ ಸೋತ ಹಾಗೆ. ನೆಲ ಅದುರಬೇಕು, ಅದೇ ಮೆಚ್ಚುಗೆ.

1966ರಲ್ಲಿ ಬ್ವಾ ಸೆಕ್ ಮತ್ತು ಕ್ಯಾನ್ರೇ ನ್ಯೂಪೋರ್ಟ್ ಜಾನಪದ ಉತ್ಸವಕ್ಕೆ ಹೋದರು. ಹೊಲದಲ್ಲಿ ದುಡಿಯುವ ಇಬ್ಬರ ಮನೆಯ ಸಂಗೀತವನ್ನು ದೇಶ ಮೊದಲ ಬಾರಿಗೆ ಕೇಳಿತು. ಅದೇ ವರ್ಷ ಅವರ ‘ಲೆ ಬ್ಲೂಸ್ ದ್ಯು ಬಾಯೂ’ ಮುದ್ರಣವಾಯಿತು. 1973ರಲ್ಲಿ ಲೆಸ್ ಬ್ಲ್ಯಾಂಕ್ ಅವರು ‘ಡ್ರೈ ವುಡ್’ ಎಂಬ ಸಾಕ್ಷ್ಯಚಿತ್ರ ತೆಗೆದರು. ಅದರಲ್ಲಿ ಹಬ್ಬ, ಅಡುಗೆ, ಹಂದಿ ಕೊಯ್ಯುವ ಕೆಲಸ, ಸಂಗೀತ ಎಲ್ಲವೂ ಒಂದೇ ಬದುಕಿನ ಭಾಗಗಳಾಗಿ ಕಾಣುತ್ತವೆ. 1986ರಲ್ಲಿ ಇಬ್ಬರಿಗೂ ಅಮೆರಿಕದ ರಾಷ್ಟ್ರೀಯ ಪರಂಪರೆ ಗೌರವ ಸಂದಿತು. ಕ್ಯಾನ್ರೇ 1995ರಲ್ಲಿ, ಬ್ವಾ ಸೆಕ್ 2007ರಲ್ಲಿ ತೀರಿಕೊಂಡರು.

ಮೈಮೇಲೆ ತೊಟ್ಟ ವಾದ್ಯ

ಮನೆಯ ಲಾಲಾ ಊರಿನ ಜೈಡೆಕೊ ಆಗಿ ಬೆಳೆದದ್ದು ಇನ್ನೊಂದು ಮನೆತನದಲ್ಲಿ. ಕ್ಲಿಫ್ಟನ್ ಶೆನಿಯರ್ 1925ರಲ್ಲಿ ಒಪೆಲೂಸಸ್ ಸೀಮೆಯಲ್ಲಿ ಹುಟ್ಟಿದರು. ತಂದೆ ಜೋಸೆಫ್ ಅಕಾರ್ಡಿಯನ್ ನುಡಿಸುತ್ತಿದ್ದರು. ಎಣ್ಣೆ ಶುದ್ಧೀಕರಣದ ಕಾರ್ಖಾನೆಗಳು ಕೆಲಸ ಕೊಡುತ್ತಿದ್ದ ಕಾಲವದು. ಸಾವಿರಾರು ಕ್ರಿಯೋಲರು ಹೊಲ ಬಿಟ್ಟು ಟೆಕ್ಸಾಸ್‌ನ ಪೋರ್ಟ್ ಆರ್ಥರ್‌ಗೆ, ಹ್ಯೂಸ್ಟನ್ನಿಗೆ ಹೋದರು. ಕ್ಲಿಫ್ಟನ್ ಮತ್ತು ಅವರ ಅಣ್ಣ ಕ್ಲೀವ್‌ಲೆಂಡ್ ಕೂಡ ಹೋದರು.

ಅಲ್ಲಿಯವರೆಗೆ ತಾಳಕ್ಕೆ ಬಟ್ಟೆ ಒಗೆಯುವ ಹಲಗೆಯನ್ನು ಹಗ್ಗದಿಂದ ಕೊರಳಿಗೆ ಕಟ್ಟಿಕೊಂಡು ಉಜ್ಜುತ್ತಿದ್ದರು. 1946ರಲ್ಲಿ ಕ್ಲಿಫ್ಟನ್ ತಮಗೆ ಬೇಕಾದದ್ದು ಎಂಥದೆಂದು ಪೋರ್ಟ್ ಆರ್ಥರ್‌ನ ಕಾರ್ಖಾನೆಯ ಲೋಹಗೆಲಸಗಾರ ವಿಲ್ಲಿ ಲ್ಯಾಂಡ್ರಿ ಅವರಿಗೆ ವಿವರಿಸಿದರು. ಲ್ಯಾಂಡ್ರಿ ಏರಿಳಿತದ ತಗಡನ್ನು ಬಗ್ಗಿಸಿ, ಹೆಗಲ ಮೇಲೆ ಕೂರುವ ಎರಡು ಪಟ್ಟಿ ಇಟ್ಟು ಅಂಗಿಯಂತೆ ತೊಡುವ ವಾದ್ಯ ಮಾಡಿಕೊಟ್ಟರು. ಅದೇ ಫ್ರೊಟ್ವಾರ್. ಕ್ಲೀವ್‌ಲೆಂಡ್ ಎರಡೂ ಕೈಯಲ್ಲಿ ಬಾಟಲಿ ತೆಗೆಯುವ ಓಪನರುಗಳನ್ನು ಹಿಡಿದು ಅದನ್ನು ಉಜ್ಜಿ, ತಟ್ಟಿ, ಗೀರಿ ನುಡಿಸಿದರು. ಕೈಗಳೆರಡೂ ಬಿಡುವಾದವು, ಮೈಯೇ ವಾದ್ಯವಾಯಿತು, ನುಡಿಸುವವರೂ ಕುಣಿಯಬಹುದಾಯಿತು.

ಕ್ಲಿಫ್ಟನ್ ಹತ್ತು ಗುಂಡಿಯ ಪೆಟ್ಟಿಗೆಯ ಬದಲು ಪಿಯಾನೊ ಮನೆಗಳಿರುವ ದೊಡ್ಡ ಅಕಾರ್ಡಿಯನ್ ಹಿಡಿದರು. ಬ್ಲೂಸ್ ಹಾಡಲು ಬೇಕಾದ ಎಲ್ಲ ಸ್ವರಗಳೂ ಅದರಲ್ಲಿದ್ದವು. ಸ್ಯಾಕ್ಸೊಫೋನ್, ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಸೇರಿದವು. 1964ರಿಂದ ಆರ್ಹೂಲಿ ಕಂಪನಿಯ ಕ್ರಿಸ್ ಸ್ಟ್ರಾಕ್‌ವಿಟ್ಸ್ ಅವರ ಹಾಡುಗಳನ್ನು ಮುದ್ರಿಸಿದರು. ರಾಜನಂತೆ ಕಿರೀಟ ತೊಟ್ಟು ವೇದಿಕೆಯೇರಿದ ಕ್ಲಿಫ್ಟನ್ ಫ್ರೆಂಚಿನಲ್ಲೂ ಹಾಡಿದರು, ಇಂಗ್ಲಿಷಿನಲ್ಲೂ ಹಾಡಿದರು. ಅವರಿಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. 1987ರಲ್ಲಿ ಅವರು ತೀರಿಕೊಂಡಾಗ ತಂದೆಯ ತಂಡದಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಮಗ ಸಿ. ಜೆ. ಶೆನಿಯರ್ ಅದೇ ರೆಡ್ ಹಾಟ್ ಲೂಸಿಯಾನಾ ಬ್ಯಾಂಡಿನ ಮುಂದೆ ನಿಂತರು. 2025ರಲ್ಲಿ ಕ್ಲಿಫ್ಟನ್ನರ ಶತಮಾನೋತ್ಸವಕ್ಕೆ ಬಂದ ಗೌರವ ಆಲ್ಬಂನಲ್ಲಿ ರೋಲಿಂಗ್ ಸ್ಟೋನ್ಸ್ ಕೂಡ ಅವರ ಹಾಡನ್ನು ಹಾಡಿದ್ದಾರೆ.

ಮನೆಯೇ ಪಾಠಶಾಲೆ

ಶ್ರುತಿ ತಾಯಿ, ಲಯ ತಂದೆ ಎನ್ನುವ ಮಾತು ನಮ್ಮ ಸಂಗೀತದವರದು. ಜೈಡೆಕೊ ಮನೆಗಳಲ್ಲಿ ಲಯ ನಿಜಕ್ಕೂ ತಂದೆಯಿಂದಲೇ ಬಂತು. ತಂದೆಯ ತಂಡದಲ್ಲಿ ಮಗುವಿಗೆ ಸಿಗುವ ಮೊದಲ ಕೆಲಸ ತಾಳದ್ದು. ಜಾನ್ ಡೆಲಫೋಸ್ ಅವರ ಯೂನಿಸ್ ಪ್ಲೇಬಾಯ್ಸ್ ತಂಡದಲ್ಲಿ ಮಗ ಜೀನೋ ಎಂಟು ವರ್ಷದವನಾಗಿದ್ದಾಗಲೇ ಫ್ರೊಟ್ವಾರ್ ತೊಟ್ಟ. ಡೆಲ್ಟನ್ ಬ್ರೂಸಾರ್ಡ್ ಅವರ ಲಾಟೆಲ್ ಪ್ಲೇಬಾಯ್ಸ್‌ನಲ್ಲಿ ಮಗ ಜೆಫ್ರಿ ಚಿಕ್ಕಂದಿನಲ್ಲೇ ಡ್ರಮ್ಸ್‌ಗೆ ಕುಳಿತ. ರಾಯ್ ಕ್ಯಾರಿಯರ್ ಅವರ ಮಗ ಚಬ್ಬಿ, ಪ್ರೆಸ್ಟನ್ ಫ್ರಾಂಕ್ ಅವರ ಮಗ ಕೀತ್ ಇಬ್ಬರೂ ಅಪ್ಪನ ಹಿಂದೆ ಡ್ರಮ್ಸ್ ನುಡಿಸಿ ಬೆಳೆದವರು. ಇವರೆಲ್ಲರೂ ಮುಂದೆ ಅಕಾರ್ಡಿಯನ್ ಹಿಡಿದು ತಂತಮ್ಮ ತಂಡ ಕಟ್ಟಿದರು. ಕೀತ್ ಫ್ರಾಂಕ್ ಕಟ್ಟಿದ ತಂಡದಲ್ಲಿ ತಂಗಿ ಜೆನಿಫರ್ ಬಾಸ್ ಗಿಟಾರ್‌ಗೆ, ತಮ್ಮ ಬ್ರ್ಯಾಡ್ ಡ್ರಮ್ಸ್‌ಗೆ ನಿಂತರು.

ಈ ಕ್ರಮದಲ್ಲಿ ಆಳವಾದ ವಿವೇಕವಿದೆ. ಡ್ರಮ್ಸ್ ಹಿಂದೆ ಕುಳಿತ ಮಗು ತಂದೆಯ ಬೆನ್ನನ್ನೂ ಅದರಾಚೆ ಕುಣಿಯುವ ಜನರ ಕಾಲುಗಳನ್ನೂ ಒಟ್ಟಿಗೆ ನೋಡುತ್ತದೆ. ಯಾವ ನಡೆಗೆ ಜನ ಎದ್ದು ಬರುತ್ತಾರೆ, ಎಲ್ಲಿ ದಣಿಯುತ್ತಾರೆ, ಎರಡು ಏರುನಡೆಯ ಹಾಡುಗಳ ಮಧ್ಯೆ ನಿಧಾನನಡೆಯ ಒಂದು ವಾಲ್ಟ್ಜ್ ಯಾವಾಗ ಬೇಕು ಎಂಬುದನ್ನು ಯಾರೂ ಹೇಳಿಕೊಡಬೇಕಾಗುವುದಿಲ್ಲ. ತಾಳ ತಪ್ಪಿದರೆ ನೂರು ಜನರ ಹೆಜ್ಜೆ ತಪ್ಪುತ್ತದೆ. ಆ ಹೊಣೆಯನ್ನು ಹೊತ್ತು ಬೆಳೆದ ಮೇಲೆ ರಾಗ ಕಲಿಯುವುದು ಕೆಲವೇ ವರ್ಷಗಳ ಕೆಲಸ. ಪ್ರದರ್ಶನಕ್ಕಾಗಿ ಒಮ್ಮೆ ಮೆರೆಸಿ ಕೂರಿಸುವ ಮಗುವಲ್ಲ ಅದು. ಆ ರಾತ್ರಿಯ ಕುಣಿತ ನಡೆಯಲು ಅದರ ಕೈಗಳು ನಿಜವಾಗಿ ಬೇಕಾಗಿದ್ದವು.

ಮೊಮ್ಮಕ್ಕಳ ಕಾಲ

ಬ್ವಾ ಸೆಕ್ ಮತ್ತು ಮಡದಿ ಮಾರ್ಸೆಲಿನ್ ಅವರಿಗೆ ಹದಿನಾಲ್ಕು ಮಕ್ಕಳು. ಗಂಡುಮಕ್ಕಳು ಸೇರಿ ಆರ್ಡ್ವಾನ್ ಬ್ರದರ್ಸ್ ಎಂದು ನುಡಿಸತೊಡಗಿದರು. ತಂದೆಯ ನಂತರ ಗುಸ್ತಾವ್ ಮುಂದಾಳಾಗಬೇಕಿತ್ತು. 1974ರಲ್ಲಿ ಕಾರು ಅಪಘಾತದಲ್ಲಿ ಗುಸ್ತಾವ್ ತೀರಿಕೊಂಡರು. ಆಗ ತಂಡದಲ್ಲಿ ಡ್ರಮ್ಸ್ ನುಡಿಸುತ್ತಿದ್ದ ಲಾರೆನ್ಸ್ ಅಕಾರ್ಡಿಯನ್ ಎತ್ತಿಕೊಂಡರು. ದುಃಖದ ನಡುವೆ ತಂಡ ಒಡೆಯಲಿಲ್ಲ ಎಂದರೆ ಅದಕ್ಕೆ ಕಾರಣ ತಾಳಗಾರನೊಬ್ಬನಿಗೆ ಮುಂದಾಳಿನ ಹಾಡುಗಳೆಲ್ಲ ಮೈಗತವಾಗಿದ್ದದ್ದು.

ಲಾರೆನ್ಸರ ಮಕ್ಕಳಾದ ಶಾನ್ ಮತ್ತು ಕ್ರಿಸ್ 1990ರ ದಶಕದಲ್ಲಿ ಡಬಲ್ ಕ್ಲಚಿಂಗ್ ಎಂಬ ತಂಡದಲ್ಲಿ ಮೆರೆದರು. ಅಣ್ಣ ಶಾನ್ ಡ್ರಮ್ಸ್‌ಗೆ, ಇನ್ನೂ ಹುಡುಗನಾಗಿದ್ದ ಕ್ರಿಸ್ ಅಕಾರ್ಡಿಯನ್ನಿಗೆ. ಬಾಸ್ ಡ್ರಮ್ಮಿನ ಏಟು ಜೋಡಿಯಾಯಿತು, ಭಾರವಾಯಿತು. ರೇಡಿಯೊದ ಆರ್ ಆಂಡ್ ಬಿ, ಹಿಪ್ ಹಾಪ್ ಒಳಬಂದವು. ಹಳಬರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಆದರೆ ಕ್ರಿಯೋಲ್ ಹದಿಹರೆಯದವರು ತಮ್ಮದೆಂದು ಹೇಳಿಕೊಂಡು ಕುಣಿಯಲು ಬಂದರು. ಶಾನ್ ಮುಂದೆ ತಾವೇ ಅಕಾರ್ಡಿಯನ್ ಹಿಡಿದು ಬೇರೆ ತಂಡ ಕಟ್ಟಿದರು; 2019ರ ಗ್ರ್ಯಾಮಿಗೆ ಅವರ ‘ಕ್ರಿಯೋಲ್ ರಾಕ್ ಆಂಡ್ ಸೋಲ್’ ನಾಮನಿರ್ದೇಶನಗೊಂಡಿತು. ಇದೇ ಮನೆತನದ ಇನ್ನೊಬ್ಬ ಮೊಮ್ಮಗ ಡೆಕ್ಸ್ಟರ್ ಹಳೆಯ ಬಾನಿಗೆ ಹತ್ತಿರವಾಗಿ ನುಡಿಸುತ್ತಾರೆ. ಒಂದೇ ಮನೆಯಲ್ಲಿ ಎರಡೂ ದಾರಿಗೆ ಜಾಗವಿದೆ.

ನನ್ನನ್ನು ಹೆಚ್ಚು ಕಾಡುವುದು ಭಾಷೆಯ ಪ್ರಶ್ನೆ. 1921ರ ರಾಜ್ಯ ಸಂವಿಧಾನ ಲೂಸಿಯಾನಾದ ಶಾಲೆಗಳಲ್ಲಿ ಇಂಗ್ಲಿಷನ್ನೇ ಕಡ್ಡಾಯ ಮಾಡಿತು. ಮನೆಮಾತು ಆಡಿದ ಮಕ್ಕಳು ಏಟು ತಿಂದರು. ಅವರು ತಂದೆತಾಯಿಯರಾದಾಗ ತಮ್ಮ ಮಕ್ಕಳಿಗೆ ಆ ನೋವು ಬೇಡವೆಂದು ಆ ಮಾತನ್ನೇ ಕಲಿಸಲಿಲ್ಲ. ಹೀಗೆ ಎರಡೇ ತಲೆಮಾರಿನಲ್ಲಿ ಅಮೆದೆಯವರ ಹಾಡಿನ ಅರ್ಥ ಅವರದೇ ಕುಲದ ಮಕ್ಕಳಿಗೆ ಮಬ್ಬಾಯಿತು. ಇದು ಸಣ್ಣ ನಷ್ಟವಲ್ಲ. ತಾಳ ಉಳಿದಿದ್ದರಿಂದ ಎಲ್ಲವೂ ಉಳಿಯಿತು ಎಂದು ಹೇಳಲು ಬರುವುದಿಲ್ಲ.

ಆದರೂ ತಾಳ ಉಳಿದಿದ್ದರಿಂದ ಮಾತಿಗೆ ಮರಳಲು ಒಂದು ದಾರಿ ಉಳಿಯಿತು. ಕೋರಿ ಲೆಡೆ ಎಂಬ ಅಕಾರ್ಡಿಯನ್ ವಾದಕರ ಅಜ್ಜ ಕ್ಲಿಫ್ಟನ್ ಶೆನಿಯರ್ ಜೊತೆ ಡ್ರಮ್ಸ್ ನುಡಿಸಿದವರು. ಅಜ್ಜನ ತಾಳವನ್ನು ಹಿಡಿದು ಬಂದ ಕೋರಿ, ಅಳಿವಿನಂಚಿನ ಕ್ರಿಯೋಲ್ ನುಡಿಯಾದ ಕೂರಿ ವಿನಿಯನ್ನು ದೊಡ್ಡವರಾದ ಮೇಲೆ ಕಲಿತರು. 2023ರಲ್ಲಿ ಆ ನುಡಿಯಲ್ಲೇ ಹಾಡಿದ ಆಲ್ಬಂ ಹೊರತಂದರು. ಕುಣಿಯಲು ಬಂದ ಹುಡುಗರ ಕಿವಿಗೆ ಮುತ್ತಜ್ಜಿಯ ಮಾತು ಮತ್ತೆ ಬೀಳುತ್ತಿದೆ.

ಎಲ್ಲಿಂದ ಕೇಳುವುದು

ಈ ಸಂಗೀತಕ್ಕೆ ಹೊಸಬರಾದವರು ಅಮೆದೆ ಮತ್ತು ಮೆಗೀ ಜೋಡಿಯ ‘ಯೂನಿಸ್ ಟೂ ಸ್ಟೆಪ್’ನಿಂದ ಶುರುಮಾಡಬಹುದು. ಆಮೇಲೆ ಬ್ವಾ ಸೆಕ್ ಮತ್ತು ಕ್ಯಾನ್ರೇ, ನಂತರ ಕ್ಲಿಫ್ಟನ್ನರ ‘ಬೊಗಲೂಸಾ ಬೂಗಿ’, ಕೊನೆಗೆ ಕ್ರಿಸ್ ಆರ್ಡ್ವಾನ್. ಪ್ರತಿಯೊಂದರಲ್ಲೂ ಮೊದಲ ಸಲ ರಾಗವನ್ನು ಬದಿಗಿಟ್ಟು ತ್ರಿಕೋನ, ಫ್ರೊಟ್ವಾರ್, ಡ್ರಮ್ಸ್ ಇವುಗಳ ಕಡೆಗೇ ಕಿವಿ ಕೊಡಿ. ಹ್ಯೂಸ್ಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಲೂಸಿಯಾನಾದ ಲಫಾಯೆಟ್ ನಗರ ಕೆಲವೇ ಗಂಟೆಗಳ ಕಾರಿನ ಹಾದಿ. ಅಲ್ಲಿ ವಾರಾಂತ್ಯದ ಕುಣಿತಗಳು, ಕುದುರೆ ಸವಾರರ ಮೆರವಣಿಗೆಯ ಜೊತೆಗಿನ ಜೈಡೆಕೊ ಕೂಟಗಳು ಈಗಲೂ ನಡೆಯುತ್ತವೆ. 1982ರಲ್ಲಿ ಪ್ಲೆಸಾನ್ಸ್ ಗ್ರಾಮದಲ್ಲಿ ಶುರುವಾದ ಜೈಡೆಕೊ ಉತ್ಸವ ಇಂಥ ಕೂಟಗಳಿಗೆ ಹೊಸ ಹುರುಪು ತಂದಿತು.

ಪರಂಪರೆಯ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಕೃತಿಗಳ ಪಟ್ಟಿ ಮಾಡುತ್ತೇವೆ, ಬಾನಿಯ ಶುದ್ಧತೆಯನ್ನು ಅಳೆಯುತ್ತೇವೆ. ಆರ್ಡ್ವಾನ್ ಮನೆತನ ಬೇರೆ ಲೆಕ್ಕ ಹಾಕಿತು. ಹಾಡು ಬದಲಾದರೆ ಒಪ್ಪಿದರು, ವಾದ್ಯ ದೊಡ್ಡದಾದರೆ ಒಪ್ಪಿದರು, ಬೇರೆ ಸಂಗೀತ ಒಳಬಂದರೂ ಬಾಗಿಲು ಹಾಕಲಿಲ್ಲ. ಬಿಟ್ಟುಕೊಡದೆ ಇದ್ದದ್ದು ಎರಡನ್ನೇ: ಮಗುವಿಗೆ ಎಳೆಯ ವಯಸ್ಸಿನಲ್ಲೇ ನಿಜವಾದ ಕೆಲಸ ಕೊಡುವುದು, ಮತ್ತು ಆ ಕೆಲಸ ಸೇರಿದ ಜನರಿಗಾಗಿ ಎಂದು ಕಲಿಸುವುದು. ಅಮೆದೆಯವರ ಬದುಕನ್ನು ದ್ವೇಷ ಮುರಿದುಹಾಕಿತು. ಅವರ ಪಕ್ಕದಲ್ಲಿ ತ್ರಿಕೋನ ಹಿಡಿದು ಒಬ್ಬ ಹುಡುಗ ನಿಂತಿದ್ದರಿಂದ ಅವರ ಸಂಗೀತವನ್ನು ಮುರಿಯಲು ಅದಕ್ಕೆ ಆಗಲಿಲ್ಲ. ಮನೆಯ ಕಲೆ ಮಕ್ಕಳಿಗೆ ದಾಟಬೇಕೆಂದು ಬಯಸುವ ಯಾವ ಕುಟುಂಬಕ್ಕೂ ಈ ಮನೆತನ ಹೇಳುವ ಪಾಠ ಸರಳವಾಗಿದೆ: ಮಕ್ಕಳು ದೊಡ್ಡವರಾಗಲೆಂದು ಕಾಯಬೇಡಿ, ಇಂದಿನ ಕೂಟದಲ್ಲೇ ಅವರ ಕೈಗೆ ತಾಳ ಕೊಡಿ.